ಬೈಂಡರಮ್ಮನ ಸಹಜ ನಡಿಗೆ

ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಒಂದು ಕೋಣೆ. ಅಲ್ಲಿ ಆಯುಸ್ಸಿನ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದವಳು ಬೈಂಡರಮ್ಮ. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು ನಿಜ, ಆದರೆ ಸಂಬಳ ಕೊಡುವ ಗುಮಾಸ್ತನನ್ನು ಬಿಟ್ಟರೆ ಅದು ಯಾರಿಗೂ ನೆನಪಿರಲಿಲ್ಲ. ಸಂಶೋಧನಾ ಪ್ರಬಂಧ ಮುಗಿಸಿದ ಹುಡುಗ ಹುಡುಗಿಯರೆಲ್ಲ ಹಾಳೆಗಳ ಕಟ್ಟು ಹೊತ್ತು ಅವಳ ಬಳಿಗೇ ಬರಬೇಕು. ಬಂದವರು ಅಂಟು ಒಣಗುವವರೆಗೆ ಅಲ್ಲೇ ಕೂತು ತಮ್ಮ ಸಂಕಟ ತೋಡಿಕೊಳ್ಳುತ್ತಿದ್ದರು. ಎಲ್ಲವೂ ಅರ್ಥವಾಗದಿದ್ದರೂ ಬೈಂಡರಮ್ಮ ಎಲ್ಲದಕ್ಕೂ ಹೂಂಗುಟ್ಟುತ್ತಿದ್ದಳು.

ಅವಳ ಎಡಗಾಲು ಹುಟ್ಟಿನಿಂದಲೇ ತುಸು ಗಿಡ್ಡ. ಎಡ ಹೆಜ್ಜೆ ಊರಿದಾಗಲೆಲ್ಲ ಮೈ ಆ ಕಡೆಗೆ ವಾಲುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮ ಬೀದಿಯಲ್ಲಿ ಯಾರಾದರೂ ಎದುರು ಬಂದರೆ ಸಾಕು, ನೆಟ್ಟಗೆ ನಡಿಯೇ ಎಂದು ಕಿವಿಯಲ್ಲಿ ಉಸುರುತ್ತಿದ್ದಳು. ನೆಟ್ಟಗೆ ನಡೆಯಲು ಹೋಗಿ ಹುಡುಗಿ ಎಡವಿ ಬೀಳುತ್ತಿದ್ದಳು. ದೊಡ್ಡವಳಾದ ಮೇಲೆ ನಾಲ್ಕು ಜನರ ನಡುವೆ ನಡೆಯುವ ಪ್ರಸಂಗವನ್ನೇ ತಪ್ಪಿಸಿಕೊಂಡಳು. ಎಲ್ಲರೂ ಹೊರಟುಹೋದ ಮೇಲೆ ಮನೆಗೆ ಹೊರಡುವುದು ರೂಢಿಯಾಯಿತು.

ಹಾಗೆ ತಡವಾಗಿ ಹೊರಟ ಒಂದು ಸಂಜೆ ಕೋಣೆಯ ಬಾಗಿಲು ಕಚ್ಚಿಕೊಂಡಿತು. ಅವಳ ಕೂಗು ಕೇಳಿದ ಕಾವಲುಗಾರ ಬೀಗ ರಿಪೇರಿಯವನನ್ನು ಕರೆಸಿದ. ಅವನು ಹೊರಗಡೆ, ಇವಳು ಒಳಗಡೆ. ಬೀಗ ಬಿಚ್ಚುವಷ್ಟರಲ್ಲಿ ಇಬ್ಬರೂ ಬಾಗಿಲ ಈಚೆ ಆಚೆ ನಿಂತು ಬೇಕಾದಷ್ಟು ಮಾತಾಡಿದ್ದರು. ಬಾಗಿಲು ತೆರೆದ ಮೇಲೆ ಅವನು ಬಸ್ ನಿಲ್ದಾಣದವರೆಗೆ ಜೊತೆಗೆ ಬಂದ. ಅವಳ ಎಡಗಡೆ ನಡೆದ. ಕಾಲಿನ ಬಗ್ಗೆ ಒಂದು ಮಾತನ್ನೂ ಕೇಳಲಿಲ್ಲ. ಅವನನ್ನೇ ಅವಳು ಮದುವೆಯಾದಳು. ಅಂದಿನಿಂದ ದಿನವೂ ಬೆಳಿಗ್ಗೆ ಸಂಜೆ ಇಬ್ಬರದೂ ಒಂದೇ ದಾರಿ, ಅವನು ಯಾವಾಗಲೂ ಅವಳ ಎಡಗಡೆಗೇ. ಗಂಡನ ಬೀಗದಂಗಡಿ ವಿಶ್ವವಿದ್ಯಾಲಯದ ಗೇಟಿಗೆ ಅಂಟಿಕೊಂಡೇ ಇತ್ತು.

ಐವತ್ತು ದಾಟಿದ ಮೇಲೆ ಸೊಂಟ ನೋವು ಶುರುವಾಯಿತು. ಪ್ರಬಂಧಗಳನ್ನು ಎತ್ತಿಡುವುದಿರಲಿ, ಕೂತಲ್ಲಿಂದ ಏಳುವುದೇ ಕಷ್ಟವಾಯಿತು. ನಡಿಗೆಯನ್ನು ಅಧ್ಯಯನ ಮಾಡುವ ವಿಭಾಗದ ಸಂಶೋಧಕಿಯೊಬ್ಬಳು ಅವಳನ್ನು ಕಂಡಾಗಲೆಲ್ಲ ಒತ್ತಾಯ ಮಾಡುತ್ತಿದ್ದಳು. ನಮ್ಮಲ್ಲಿಗೆ ಬನ್ನಿ, ಅಳತೆ ತೆಗೆದು ಎಡಗಾಲಿಗೆ ಎತ್ತರದ ಬೂಟು ಮಾಡಿಸಿಕೊಡುತ್ತೇನೆ, ನಿಮ್ಮ ನಡಿಗೆ ಸಹಜವಾಗುತ್ತದೆ ಎನ್ನುತ್ತಿದ್ದಳು.

ಬೈಂಡರಮ್ಮನಿಗೆ ಆ ಒಂದು ಪದ ತಲೆಯಲ್ಲೇ ಉಳಿದುಬಿಟ್ಟಿತು. ಸಹಜ ಎಂಬುದನ್ನು ಅವಳು ಎಷ್ಟೋ ಪ್ರಬಂಧಗಳ ಬೆನ್ನಿಗೆ ಬಂಗಾರದ ಅಕ್ಷರಗಳಲ್ಲಿ ಒತ್ತಿದ್ದಳು. ಭೌತವಿಜ್ಞಾನದ ಹುಡುಗನೊಬ್ಬ ಹೇಳಿದ್ದ, ಲೆಕ್ಕದೊಳಗಿನ ಅಂಕಿಗಳನ್ನು ಕೈಯಾರೆ ತಿರುಚಿ ತಿರುಚಿ ಹೊಂದಿಸಬೇಕಾಗಿ ಬಂದರೆ ಆ ಸಿದ್ಧಾಂತ ಸಹಜವಲ್ಲ ಎಂದು ತಮ್ಮವರು ಅನುಮಾನ ಪಡುತ್ತಾರಂತೆ. ಹುಲ್ಲುಗಾವಲುಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಮೇಷ್ಟ್ರೊಬ್ಬರು ಬೇರೆಯೇ ಹೇಳಿದ್ದರು. ಮನುಷ್ಯರ ಕೈ ಸೋಕದ ಜಾಗವೇ ಸಹಜ ಎಂದುಕೊಂಡು ಅವರು ಒಂದು ಬಯಲಿಗೆ ಬೇಲಿ ಹಾಕಿಸಿ ದನಗಳನ್ನು ಹೊರಗಿಟ್ಟರಂತೆ. ಸ್ವಲ್ಪ ಕಾಲದಲ್ಲೇ ಒರಟು ಹುಲ್ಲು ಎದೆಯೆತ್ತರ ಬೆಳೆದು ಅಲ್ಲಿದ್ದ ಸಣ್ಣ ಹೂಗಳೆಲ್ಲ ನಾಶವಾದವಂತೆ. ತಲೆತಲಾಂತರದಿಂದ ದನ ಮೇಯುತ್ತಿದ್ದದ್ದರಿಂದಲೇ ಆ ಹೂಗಳು ಉಳಿದಿದ್ದವು ಎನ್ನುವಾಗ ಮೇಷ್ಟ್ರ ಮುಖ ಸಪ್ಪಗಾಗಿತ್ತು.

“ಹಾಗಾದ್ರೆ ನನ್ನ ನಡಿಗೆ ಇಷ್ಟು ದಿನ ಏನಾಗಿತ್ತಂತೆ?” ಎಂದು ಬೈಂಡರಮ್ಮ ಗಂಡನನ್ನು ಕೇಳಿದಳು.

“ಅದೆಲ್ಲ ನಂಗೊತ್ತಿಲ್ಲ. ಸೊಂಟ ನೋವು ಹೋಗುತ್ತೆ ಅಂದ್ರೆ ಹೋಗಿ ಬರೋಣ, ಅಷ್ಟೇ” ಎಂದ ಅವನು. ಅಂಗಡಿಗೆ ಬೀಗ ಹಾಕಿ ತಾನೂ ಹೊರಟ.

ಪ್ರಯೋಗಾಲಯ ಉದ್ದನೆಯ ಖಾಲಿ ಕೋಣೆ. ಗೋಡೆಯ ಸುತ್ತ ಕ್ಯಾಮೆರಾಗಳು. ಸಂಶೋಧಕಿ ಅವಳ ಭುಜ, ಸೊಂಟ, ಮಂಡಿ, ಹಿಮ್ಮಡಿಗೆಲ್ಲ ಹೊಳೆಯುವ ಪುಟ್ಟ ಗುಂಡುಗಳನ್ನು ಅಂಟಿಸಿದಳು. ಆಮೇಲೆ, ಆ ತುದಿಯವರೆಗೆ ಸಹಜವಾಗಿ ನಡೆಯಿರಿ ಎಂದಳು. ಬೈಂಡರಮ್ಮನಿಗೆ ನಡೆಯುವುದೇ ಮರೆತುಹೋಯಿತು. ಅಮ್ಮ ಕಿವಿಯ ಹತ್ತಿರವೇ ನಿಂತ ಹಾಗಾಯಿತು. ಕಟ್ಟಿಗೆಯ ಗೊಂಬೆಯಂತೆ ಎರಡು ಹೆಜ್ಜೆ ಇಟ್ಟು ನಿಂತುಬಿಟ್ಟಳು.

ಸಂಶೋಧಕಿ ನಗಲಿಲ್ಲ. ಹೇಳಿ ಮಾಡಿಸಿದರೆ ಯಾರಿಗಾದರೂ ಹಾಗೇ ಆಗುತ್ತದೆ, ತನಗೂ ಆಗಿತ್ತು ಎಂದಳು. ಗುಂಡುಗಳನ್ನು ಸರಿಪಡಿಸುವಂತೆ ನಟಿಸಿ, ಆ ಕೊನೆಯ ಮೇಜಿನ ಮೇಲೆ ಬೆನ್ನು ಕಿತ್ತುಹೋದ ಪುಸ್ತಕವೊಂದಿದೆ, ರಿಪೇರಿಯಾಗುತ್ತದೋ ನೋಡಿ ಹೇಳಿ ಎಂದಳು. ಬೈಂಡರಮ್ಮ ಪುಸ್ತಕದ ಮೇಲೆ ಕಣ್ಣಿಟ್ಟು ಸರಸರ ನಡೆದುಹೋದಳು. ಹೊಲಿಗೆ ಗಟ್ಟಿಯಾಗಿದೆ, ಬರೀ ರಟ್ಟು ಬದಲಿಸಿದರೆ ಸಾಕು ಎನ್ನುತ್ತ ವಾಪಸ್ಸು ಬರುವಷ್ಟರಲ್ಲಿ ಕ್ಯಾಮೆರಾಗಳು ತಮ್ಮ ಕೆಲಸ ಮುಗಿಸಿದ್ದವು.

ಹೋಲಿಸಿ ನೋಡಲು ಅದೇ ವಯಸ್ಸಿನ, ಕಾಲು ಸರಿಯಿರುವ ಒಬ್ಬರ ನಡಿಗೆಯೂ ಬೇಕಿತ್ತು. ಹೊರಗೆ ಬೆಂಚಿನ ಮೇಲೆ ತೂಕಡಿಸುತ್ತಿದ್ದ ಗಂಡನನ್ನೇ ಸಂಶೋಧಕಿ ಒಳಗೆ ಕರೆದಳು. ಅವನೂ ಸಂಕೋಚದಿಂದಲೇ ಗುಂಡು ಅಂಟಿಸಿಕೊಂಡು ಅತ್ತಿತ್ತ ನಡೆದ.

ಆಮೇಲೆ ಇಬ್ಬರನ್ನೂ ಕೂರಿಸಿ ಪರದೆ ತೋರಿಸಿದಳು. ಮುಖವಿಲ್ಲ, ಮೈಯಿಲ್ಲ, ಕತ್ತಲಲ್ಲಿ ಬರೀ ಬಿಳಿಯ ಚುಕ್ಕಿಗಳು ನಡೆಯುತ್ತಿದ್ದವು. ಎಡಕ್ಕೊಮ್ಮೆ ಮೆಲ್ಲಗೆ ವಾಲಿ ಮತ್ತೆ ಎದ್ದು ಬರುವ ಚುಕ್ಕಿಗಳು. ಬೈಂಡರಮ್ಮ ತನ್ನ ನಡಿಗೆಯನ್ನು ಹಾಗೆ ಎಂದೂ ಹೊರಗಿನಿಂದ ನೋಡಿರಲಿಲ್ಲ. ಅಂದುಕೊಂಡಷ್ಟು ಅಸಹ್ಯವಾಗೇನೂ ಕಾಣಲಿಲ್ಲ.

“ಪರವಾಗಿಲ್ಲ ಕಣಮ್ಮ, ನಾನು ಹೀಗಾ ನಡೆಯೋದು?” ಎಂದಳು.

ಸಂಶೋಧಕಿ ತಡವರಿಸಿದಳು. “ಇದು ನೀವಲ್ಲಮ್ಮ. ಇದು ಅವರು.”

ಯಂತ್ರ ಕೆಟ್ಟಿದೆಯೆಂದು ಅವಳು ಮೊದಲು ಭಾವಿಸಿದ್ದಳಂತೆ. ಎರಡೆರಡು ಸಲ ನೋಡಿದ್ದಾಳೆ. ಗಂಡನ ಎರಡು ಕಾಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಸಮ. ಮಂಡಿಯಲ್ಲಿ ಐಬಿಲ್ಲ, ಸೊಂಟದಲ್ಲಿ ಐಬಿಲ್ಲ. ಆದರೂ ಒಬ್ಬನೇ ನಡೆಯುವಾಗಲೂ ಎಡಕ್ಕೆ ವಾಲುತ್ತಾನೆ. ಯಾಕೆ ಹೀಗೆ ನಡೆಯುತ್ತೀರಿ ಎಂದು ಕೇಳಿದಳು.

ಗಂಡ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಕತ್ತು ತುರಿಸಿಕೊಂಡ. ಹೆಂಡತಿಯ ಕಡೆ ನೋಡದೆ ಹೇಳಿದ: “ಇವಳ ಭುಜ ನನ್ನ ಕಡೆ ಬರುತ್ತಲ್ಲ. ಜಾಗ ಬಿಡ್ಬೇಕಲ್ವಾ.”

ಬೈಂಡರಮ್ಮ ಭುಜದ ಮೇಲಿನ ಗುಂಡನ್ನು ಕಿತ್ತು, ಬೆರಳ ನಡುವೆ ಹೊರಳಿಸುತ್ತ ಕೂತಳು. ಸಂಶೋಧಕಿ ನಂತರ ಮೆಲ್ಲಗೆ, ಇವರನ್ನು ಸಹಜ ನಡಿಗೆಯವರ ಗುಂಪಿಗೆ ಸೇರಿಸೋಕಾಗಲ್ಲ, ಬೇರೆಯವರನ್ನು ಹುಡುಕಬೇಕು ಎಂದಳು.

ಬೂಟು ಬಂತು. ಪೂರ್ತಿ ಎತ್ತರದ ಬೂಟಿನಲ್ಲಿ ಸೊಂಟ ಸಮವಾಯಿತು, ನೋಡುವವರ ಕಣ್ಣಿಗೆ ನಡಿಗೆ ನೇರವಾಯಿತು. ಆದರೆ ಮೂಗಿಗೆ ಮುಖವಾಡ ಕಟ್ಟಿ ಉಸಿರು ಅಳೆದಾಗ ಮೊದಲಿಗಿಂತ ಹೆಚ್ಚು ಏದುಸಿರು. ಅವಳ ಮೈ ಅಷ್ಟು ವರ್ಷ ತನ್ನದೇ ಒಂದು ದಾರಿ ಕಂಡುಕೊಂಡಿತ್ತು. ಸಂಶೋಧಕಿ ಹಟ ಹಿಡಿಯಲಿಲ್ಲ. ಅಟ್ಟೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ, ಉಸಿರು ಹಗುರಾಗಿ ನೋವೂ ಇಳಿಯುವ ಎತ್ತರ ಸಿಗುವವರೆಗೆ ಮತ್ತೆ ಮತ್ತೆ ಕರೆಸಿದಳು. ಕೊನೆಗೆ ಸರಿಹೋದದ್ದು ಸರಿಸುಮಾರು ಅರ್ಧ ಎತ್ತರ.

ನೋವು ನಿಜಕ್ಕೂ ಇಳಿಯಿತು. ಬೈಂಡರಮ್ಮ ಮತ್ತೆ ದಪ್ಪ ಪ್ರಬಂಧಗಳನ್ನು ತಾನೇ ಎತ್ತಿಡತೊಡಗಿದಳು. ತೊಂದರೆಯಾದದ್ದು ದಾರಿಯಲ್ಲಿ. ಅವಳು ಮೊದಲಿನಷ್ಟು ವಾಲುತ್ತಿರಲಿಲ್ಲ, ಅವನು ಬಿಟ್ಟಿರಲಿಲ್ಲ. ಹೆಜ್ಜೆಗೆ ಹೆಜ್ಜೆ ಕೂಡದೆ ಬುತ್ತಿಯ ಚೀಲಗಳು ಒಂದಕ್ಕೊಂದು ಬಡಿಯುತ್ತಿದ್ದವು. ನೀನು ಆಚೆ ಸರಿ, ನೀವೇ ಆಚೆ ಸರೀರಿ ಎಂದು ಬೀದಿಯಲ್ಲೇ ಸಣ್ಣ ಜಗಳ.

ಒಂದು ಸಂಜೆ ಏನೋ ಯೋಚಿಸುತ್ತ ಅವಳು ಬೇಗ ಬೇಗ ನಡೆದುಬಿಟ್ಟಳು. ಮಾತಿಗೆ ಉತ್ತರ ಬಾರದ್ದರಿಂದ ತಿರುಗಿ ನೋಡಿದಳು. ಗಂಡ ಹಿಂದೆ ಉಳಿದಿದ್ದ. ಒಬ್ಬನೇ ಬರುತ್ತಿದ್ದ, ಹೆಜ್ಜೆ ಹೆಜ್ಜೆಗೂ ಎಡಕ್ಕೆ ವಾಲಿ ಬಲಗಡೆ ಒಂದು ಭುಜಕ್ಕೆ ಜಾಗ ಬಿಡುತ್ತ. ಅಲ್ಲಿ ಯಾರೂ ಇರಲಿಲ್ಲ. ಬೈಂಡರಮ್ಮ ವಾಪಸ್ಸು ಹೋಗಿ ಆ ಜಾಗದಲ್ಲಿ ನಿಂತಳು.

“ಯಾಕೆ, ಏನಾದ್ರೂ ಮರೆತೆಯಾ?” ಎಂದ ಅವನು.

“ಏನಿಲ್ಲ ರೀ. ನಿಧಾನಕ್ಕೆ ಹೋಗೋಣ” ಎಂದಳು.

ಈಗ ಇಬ್ಬರ ನಡಿಗೆಯೂ ಹಳೆಯದಲ್ಲ. ಅವಳು ವಾಲುವುದು ಇಷ್ಟು ಇಳಿದು, ಅವನು ವಾಲುವುದು ಅಷ್ಟು ಇಳಿದು, ನಡುವೆ ಎಲ್ಲೋ ಒಂದು ಕಡೆ ಹೆಜ್ಜೆ ಕೂಡಿಕೊಂಡಿದೆ. ಸಂಶೋಧಕಿ ಇಬ್ಬರನ್ನೂ ಒಟ್ಟಿಗೆ ನಡೆಸಿ ಇನ್ನೊಮ್ಮೆ ಅಳೆಯಬೇಕೆಂದು ದುಂಬಾಲು ಬಿದ್ದಿದ್ದಾಳೆ. ಅಂಗಡಿಯಲ್ಲಿ ಗಿರಾಕಿ ಕಡಿಮೆಯಿರುವ ದಿನ ನೋಡಿಕೊಂಡು ಬರುತ್ತೇವೆ ಎಂದು ಬೈಂಡರಮ್ಮ ಹೇಳಿ ಕಳಿಸಿದ್ದಾಳೆ.