ತೊಂಬತ್ತು ನಿಮಿಷದ ಮಾತು

ಫುಟ್‌ಬಾಲಿಗೆ ಬಾಜಿ ಕಟ್ಟುವವರು ಮಾಡುವ ತಪ್ಪುಗಳೆಲ್ಲ ನನಗೆ ಬಾಯಿಪಾಠ. ಪ್ರೀತಿಯ ಜೆರ್ಸಿಯ ಮೇಲೇ ಕಟ್ಟುತ್ತಾರೆ. ಹಳೆಯ ಹೆಸರನ್ನು ನಂಬುತ್ತಾರೆ. ಒಮ್ಮೆ ಸೋತರೆ ಹಟಕ್ಕೆ ಬಿದ್ದು ಇಮ್ಮಡಿ ಕಟ್ಟುತ್ತಾರೆ. ಆದರೆ ಇವೆಲ್ಲಕ್ಕಿಂತ ದೊಡ್ಡದೊಂದಿದೆ: ಗೆಲ್ಲುವುದು ಅಂದರೆ ಏನು ಅಂತ ಮೊದಲೇ ಮಾತಾಡಿಕೊಳ್ಳದೆ ಇರುವುದು. ಆ ತಪ್ಪನ್ನು ನನ್ನ ಗೆಳೆಯ ಮಾಡಿದ. ಲಾಭ ನಾನು ಪಡೆದೆ.

ಒಮಾನ್‌ನ ಸೊಹಾರ್‌ನಲ್ಲಿ ಕಾರ್ಖಾನೆಯೊಂದರ ಸ್ಟೋರ್‌ನಲ್ಲಿ ನಾವಿಬ್ಬರೇ. ಅವನು ಸುರತ್ಕಲ್‌ನವನು, ನಾನು ಪುತ್ತೂರಿನವನು. ಒಬ್ಬ ಊರಿಗೆ ಹೋದರೆ ಇನ್ನೊಬ್ಬ ಇರಲೇಬೇಕು. ಆ ವರ್ಷ ಇಬ್ಬರಿಗೂ ಒಂದೇ ತಿಂಗಳಲ್ಲಿ ರಜೆ ಬೇಕಿತ್ತು. ನನಗೆ ಭಾವನ ಹೊಸ ಮನೆಯ ಒಕ್ಕಲು. ಅವನಿಗೆ ಅಕ್ಕನನ್ನು ನೋಡಬೇಕಿತ್ತು. ತಾಯಿ ಇಲ್ಲದ ಅವನನ್ನು ಎತ್ತಿ ಆಡಿಸಿ ಸಾಕಿದವಳು. "ಸ್ವಲ್ಪ ಹುಷಾರಿಲ್ಲ" ಅಂದಿದ್ದ, ಅಷ್ಟೇ. ನೀವೇ ತೀರ್ಮಾನಿಸಿ ಎಂದು ಮ್ಯಾನೇಜರ್ ಕೈತೊಳೆದುಕೊಂಡರು.

ದುಡ್ಡಿನ ಬಾಜಿ ಈ ದೇಶದಲ್ಲಿ ಅಪರಾಧ, ನಮಗೆ ಅದರ ಧೈರ್ಯವೂ ಇರಲಿಲ್ಲ. ಹಾಗಾಗಿ ಆ ಸಂಜೆಯ ನಾಕೌಟ್ ಪಂದ್ಯಕ್ಕೆ ರಜೆಯನ್ನೇ ಪಣಕ್ಕಿಟ್ಟೆವು.

"ನಮ್ಮ ಕೆಂಪು ಅಂಗಿಯವರು ಗೆದ್ರೆ ನಾನು ಹೋಗುದು, ಇಲ್ಲಾಂದ್ರೆ ನೀನು," ಅಂದ. ಅವರು ಸೋಲುವುದು ಅವನ ತಲೆಗೆ ಹೋಗುವ ಸಂಗತಿಯೇ ಆಗಿರಲಿಲ್ಲ.

ಸಂಜೆ ಊಟದ ಮೆಸ್‌ನ ಟಿವಿ ಎದುರು ಕಾಲಿಡಲು ಜಾಗವಿರಲಿಲ್ಲ. ತೊಂಬತ್ತು ನಿಮಿಷ ಮುಗಿದಾಗ ಆಟ ಒಂದು-ಒಂದಕ್ಕೆ ನಿಂತಿತು. ಹೆಚ್ಚುವರಿ ಸಮಯವೂ ಹಾಗೇ ಕಳೆಯಿತು. ಕೊನೆಗೆ ಪೆನಾಲ್ಟಿಯಲ್ಲಿ ಗೆದ್ದು ಕೆಂಪಂಗಿಯವರು ಮುಂದಿನ ಸುತ್ತಿಗೆ ಹೋದರು. ಅವನು ನನ್ನನ್ನು ತಬ್ಬಿಕೊಂಡು ಕುಣಿದ. ಆಗ ನಾನು, ಅರ್ಧ ತಮಾಷೆಗೇ, ಬಾಯಿಬಿಟ್ಟೆ.

"ಸ್ವಲ್ಪ ನಿಲ್ಲು ಮಾರಾಯ. ಬೆಟ್ಟು ಅಂದ್ರೆ ತೊಂಬತ್ತು ನಿಮಿಷದ್ದು. ಅದರಲ್ಲಿ ನಿಮ್ಮವರು ಗೆದ್ದದ್ದೆಲ್ಲಿ?"

ಸುತ್ತ ಕೂತವರು ಹೌದು ಹೌದು ಎಂದು ನಕ್ಕರು. ನಿಯಮ ಹಾಗೇ ಎಂದು ಒಬ್ಬಿಬ್ಬರು ಸಾಕ್ಷಿಯನ್ನೂ ಹೇಳಿದರು. ಅವನು ನನ್ನ ಮುಖವನ್ನೇ ನೋಡಿದ. ನಾನು ತಮಾಷೆ ಅಂತ ಹೇಳಲಿ ಎಂದು ಕಾಯುತ್ತಿದ್ದ, ಈಗ ಗೊತ್ತಾಗುತ್ತದೆ. ನಾನು ಹೇಳಲಿಲ್ಲ.

"ಆಯ್ತು, ಖಲಾಸ್. ನೀನೇ ಹೋಗು," ಅಂದ.

ಅಕ್ಕನಿಗೆಂದು ಅವನು ಕೊಟ್ಟ ಖರ್ಜೂರದ ಪೊಟ್ಟಣ ಹಿಡಿದು, ಊರು ಮುಟ್ಟಿದ ನಾಲ್ಕನೇ ದಿನ ಸುರತ್ಕಲ್‌ಗೆ ಹೋದೆ. ಮಂಚದ ಮೇಲೆ ಹೊದಿಕೆ ಮಾತ್ರ ಇದೆಯೋ ಎನ್ನುವಷ್ಟು ಅಕ್ಕ ಇಳಿದುಹೋಗಿದ್ದರು. ನಾನು ಯಾರೆಂದು ತಿಳಿದ ಮೇಲೆ ಬಾಗಿಲ ಕಡೆಗೊಮ್ಮೆ ನೋಡಿದರು, ನನ್ನ ಹಿಂದೆ ಇನ್ನೂ ಯಾರಾದರೂ ಬರುತ್ತಾರೋ ಎಂಬಂತೆ.

"ಆಟ ನಾನೂ ನೋಡಿದ್ದೆ ಮಗಾ. ಅವರು ಗೆದ್ರೆ ಬರ್ತೇನೆ ಅಂತ ಫೋನಲ್ಲಿ ಹೇಳಿದ್ದ. ನನಗೆ ಎಂತದೂ ಅರ್ಥ ಆಗ್ಲಿಲ್ಲ, ಕೆಂಪು ಅಂಗಿ ಮಾತ್ರ ನೋಡ್ತಾ ಕೂತದ್ದು. ಕಡೆಗೆ ಅವರೇ ಕುಣಿದದ್ದಲ್ವಾ? ಮತ್ತೆ ಅವನು ಯಾಕೆ ಬರ್ಲಿಲ್ಲ?"

ತೊಂಬತ್ತು ನಿಮಿಷದ ನಿಯಮವನ್ನು ಅವರಿಗೆ ಯಾವ ಬಾಯಿಂದ ಹೇಳಲಿ? ರಜೆ ಸಿಗಲಿಲ್ಲ ಅಕ್ಕಾ, ಮುಂದಿನ ತಿಂಗಳು ಬರ್ತಾನೆ ಅಂದೆ. ಅವರು ತಲೆಯಾಡಿಸಿ, ಒಂದು ಖರ್ಜೂರ ಬಿಡಿಸಿ ನನಗೇ ಕೊಟ್ಟರು.

ಮರುವಾರ ಅವರು ತೀರಿಕೊಂಡರು. ವಿಮಾನ ಹಿಡಿದು ಅವನು ಬರುವವರೆಗೆ ಕಾಯುವಂತಿರಲಿಲ್ಲ. ಚಿತೆಯ ಎದುರು ನಾನು ಫೋನು ಎತ್ತಿ ಹಿಡಿದು ನಿಂತೆ. ಪರದೆಯಲ್ಲಿ ಅವನು, ಹಿಂದೆ ನಮ್ಮ ಸ್ಟೋರಿನ ಕಪಾಟುಗಳು. "ಸ್ವಲ್ಪ ಮೇಲೆ ಹಿಡಿ" ಎಂದಷ್ಟೇ ಅಂದ.

ನಾನು ಹಿಂತಿರುಗಿದ ಮೇಲೆ ಒಂದು ವಾರ ಬಾಜಿಯ ವಿಷಯವೇ ಬರಲಿಲ್ಲ. ಒಂದು ದಿನ ಚಹಾ ಹೊತ್ತಿಗೆ, ಲೋಟದೊಳಗೆ ನೋಡುತ್ತಾ ಕೇಳಿದ.

"ಅಕ್ಕ ಆವತ್ತು ಮ್ಯಾಚ್ ನೋಡಿದ್ರಂತಾ?"

"ಇಲ್ಲ. ಮಾತ್ರೆ ತೆಗೊಂಡು ಬೇಗ ಮಲಗಿದ್ರಂತೆ."

"ಒಳ್ಳೇದಾಯ್ತು," ಅಂದ. "ನೋಡಿದ್ರೆ ಕಾಯ್ತಿದ್ರು."