ಗಂಜಿ ಕುಡಿಸಲು ಹೋದವಳು

“ಅಜ್ಜಿ, ಒಂದೇ ಒಂದು ಗುಟುಕು ಕುಡೀರಿ” ಎನ್ನುತ್ತಿದ್ದಂತೆ ನನಗೇ ಕಣ್ಣು ಕತ್ತಲಿಟ್ಟಿತು.

ಭಾನುವಾರದ ಆರಾಧನೆ ಮುಗಿದ ಮೇಲೆ ನಾವು ಚರ್ಚಿನ ಹೆಂಗಸರು ಚಳ್ಳಕೆರೆಯ ಆಸ್ಪತ್ರೆಗೆ ಗಂಜಿ ಒಯ್ಯುತ್ತೇವೆ. ನನಗದು ಮೊದಲ ಸಲ. ಗಡಿಬಿಡಿಯಲ್ಲಿ ಬೆಳಗಿನಿಂದ ಏನೂ ತಿಂದಿರಲಿಲ್ಲ. ಕಾಲು ಮುರಿದು ಮಲಗಿದ್ದ ಕೊಂಡ್ಲಹಳ್ಳಿಯ ಆ ಕುರಿ ಕಾಯುವ ಅಜ್ಜಿಯಾದರೋ, ಮನೆಗೆ ಕಳಿಸುವವರೆಗೂ ಉಣ್ಣುವುದಿಲ್ಲವೆಂದು ಹಿಂದಿನ ದಿನದಿಂದ ಹಟ ಹಿಡಿದಿದ್ದರು. ಮಗಳು ಬೇಡಿ ಬೇಡಿ ಸೋತಿದ್ದಳು.

ನಾನು ತೂರಾಡಿದ್ದು ಕಂಡಿದ್ದೇ ತಡ, ಅಜ್ಜಿ ನನ್ನ ಕೈ ಹಿಡಿದೆಳೆದು ಮಂಚದ ಮೇಲೆ ಕೂರಿಸಿಕೊಂಡರು. ಲೋಟ ಕಿತ್ತುಕೊಂಡು ನನ್ನ ಬಾಯಿಗೇ ಹಿಡಿದರು.

“ಖಾಲಿ ಹೊಟ್ಟೇಲಿ ಇನ್ನೊಬ್ರಿಗೆ ಉಣ್ಸಾಕೆ ಬಂದಿದೀಯಲ್ಲವ್ವ! ಕುಡಿ ಮೊದ್ಲು.”

“ನೀವು ಕುಡಿದ್ರೇನೇ ನಾನು ಕುಡಿಯೋದು” ಎಂದು ನಾನೂ ಪಟ್ಟು ಹಿಡಿದೆ.

ಅಜ್ಜಿ ಮಗಳತ್ತ ತಿರುಗಿ, “ನಂಗೂ ಒಂದು ಲೋಟ ಹಾಕೇ, ಇಲ್ದಿದ್ರೆ ಈ ಹುಡುಗಿ ಇಲ್ಲೇ ಬೀಳ್ತಾಳೆ” ಎಂದರು. ಇಬ್ಬರೂ ಕುಡಿದೆವು. ಅಜ್ಜಿ ಎರಡನೇ ಲೋಟ ಕೇಳಿದಾಗ ಮಗಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಜ್ಜಿ ಗುಣವಾಗಿ ಊರಿಗೆ ಹೋದರು. ಈಗ ವಾರ್ಡಿಗೆ ಹೋದರೆ ನಾನು ನಿಂತು ಬಡಿಸುವುದಿಲ್ಲ, ಪಕ್ಕದಲ್ಲಿ ಕುಳಿತು ಜೊತೆಗೇ ಕುಡಿಯುತ್ತೇನೆ.