ಪಿಸ್ತೂಲಿನೊಳಗೆ ಒಂದು ಕೆಂಪು ಅಕ್ಷತೆ

ಈ ವಿಷಯ ತೆಗೆದರೆ ಸಾಕು, ನನ್ನ ಹೆಂಡತಿ ಎದ್ದು ಒಳಗೆ ಹೋಗುತ್ತಾಳೆ. ನಂಬಿಕೆಯಿಲ್ಲದೆ ಅಲ್ಲ. ಆ ರಾತ್ರಿ ಮನೆಗೆ ಬಂದು ಅಂಗಿ ಜೇಬಿನಿಂದ ಒಂದು ಅಕ್ಕಿ ಕಾಳು ತೆಗೆದು ಅವಳ ಅಂಗೈ ಮೇಲಿಟ್ಟೆ. ಅಂಗೈ ಕೆಂಪಾಯಿತು. ಇದನ್ನು ಕಟ್ಟುಕತೆ ಅನ್ನುವವರು ಮೊದಲು ಅವಳನ್ನು ಕೇಳಲಿ.

ಹೋದ ವರ್ಷದ ನವೆಂಬರ್. ಈ ದೇಶದಲ್ಲಿ ಚಳಿಗಾಲಕ್ಕೆಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುವ ಭಾನುವಾರ. ನಾವಿರುವ ಫ್ರೀಮಾಂಟಿನಲ್ಲಿ ಐದೂವರೆಗೇ ಕತ್ತಲು. ಶ್ರೀಧರ ಫೋನ್ ಮಾಡಿದ.

“ಲೋ, ಬಿಡುವಾಗಿದ್ದೀಯಾ? ಪಿಸ್ತೂಲು ಜಾಮ್ ಆಗಿದೆ. ಗುಂಡು ಒಳಗೇ ಸಿಕ್ಕಿಹಾಕ್ಕೊಂಡಿದೆ.”

“ನಿನ್ನ ಕೈಗೆ ಸಿಕ್ಕಿದ್ದು ಯಾವುದು ನೆಟ್ಟಗೆ ನಡೆದಿದೆ ಹೇಳು,” ಅಂತ ನಕ್ಕೆ.

ಅವನು ನಗಲಿಲ್ಲ.

ಶ್ರೀಧರ ಮೈಸೂರಿನ ಕಾಲೇಜು ದಿನಗಳಿಂದ ಗೆಳೆಯ. ನಮ್ಮ ಮನೆಯಿಂದ ಹತ್ತು ನಿಮಿಷ. ಅವನ ಬೀದಿಯಲ್ಲಿ ಎರಡು ಮನೆಗೆ ಕಳ್ಳರು ನುಗ್ಗಿದ ಮೇಲೆ ಪಿಸ್ತೂಲು ಕೊಂಡಿದ್ದ. ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿ ಹಿಡಿಯೋದು ಕಲಿಸಿದವನು ನಾನು. ನನಗೆ ಕಲಿಸಿದ್ದು ಪೊಲೀಸ್ ಶಸ್ತ್ರಾಗಾರದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದ ನಮ್ಮ ಸೋದರಮಾವ. “ಸಿಕ್ಕಿಕೊಂಡ ಗುಂಡು ಅಂದ್ರೆ ಮುನಿಸಿಕೊಂಡ ಬೀಗರು ಕಣಪ್ಪ. ಅವಸರ ಮಾಡಿದ್ರೋ, ಮನೆ ಹಾಳು,” ಅನ್ನುತ್ತಿದ್ದರು.

ಶ್ರೀಧರನ ಅಮ್ಮ ಸಾವಿತ್ರಮ್ಮ ಅವನ ಜೊತೆಗೇ ಇದ್ದರು. ಪಿಸ್ತೂಲು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಆದರೂ ಅದರ ಹಿಂದಿನ ವರ್ಷದ ಆಯುಧಪೂಜೆಯ ದಿನ ಲ್ಯಾಪ್‌ಟಾಪು, ಮಿಕ್ಸಿ, ಕಾರಿನ ಕೀ ಜೊತೆ ಅದನ್ನೂ ಮಣೆಯ ಮೇಲಿಡಿಸಿ ಅಕ್ಷತೆ ಹಾಕಿದ್ದರು. “ಮನೆಗೆ ಬಂದಾಯ್ತಲ್ಲ, ಇನ್ನು ಅದೂ ನನ್ನ ಮಾತು ಕೇಳಲಿ,” ಅಂದಿದ್ದರು. ಸೊಸೆ ವೀಣಾ ಕಲಸುವುದು ಅರಿಶಿನದ ಅಕ್ಷತೆ. ಅತ್ತೆಯದು ಕುಂಕುಮ, ತುಪ್ಪ ಹಾಕಿದ ಕೆಂಪು ಅಕ್ಷತೆ. ಅದಕ್ಕೆ ಅಕ್ಕಿಯನ್ನೂ ತಾವೇ ಮೊರದಲ್ಲಿ ಕೇರಬೇಕು. “ಅಜ್ಜೀ, ಇಟ್ಸ್ ಆಲ್ರೆಡಿ ಕ್ಲೀನ್,” ಅಂತ ಮೊಮ್ಮಗಳು ಎಷ್ಟು ಹೇಳಿದರೂ ಕೇರುವುದೇ. ಸರ್... ಸರ್...

ಹೋದ ವರ್ಷದ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಬಚ್ಚಲಲ್ಲಿ ಬಿದ್ದು ಮಗನನ್ನು ಕೂಗಿರಬೇಕು. ಶ್ರೀಧರ ಮಹಡಿಯ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿನಲ್ಲಿದ್ದ. ಎರಡು ಗಂಟೆ ಅವರು ಅಲ್ಲೇ ಬಿದ್ದಿದ್ದರು... ಆಮೇಲೆ ಅವನು ಮನಸ್ಸು ಬಿಚ್ಚಿ ಮಾತಾಡಿದ್ದನ್ನು ನಾನು ಕಂಡಿಲ್ಲ.

ನಾನು ಹೋದಾಗ ಗರಾಜಿನ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಒಂದೇ ದೀಪ. ಸ್ಟೂಲಿನ ಮೇಲೆ ಶ್ರೀಧರ, ತೊಡೆಯ ಮೇಲೆ ಪಿಸ್ತೂಲು. ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಿದ್ದ!

“ಸ್ಕ್ರೂಡ್ರೈವರ್ ತೆಗಿ,” ಪಿಸುಗುಟ್ಟಿದೆ. “ಬೆರಳು ಟ್ರಿಗರ್ ಹತ್ರ ಬೇಡ. ನಳಿಗೆ ಗೋಡೆ ಕಡೆ ತಿರುಗಿಸಿ ಮೆಲ್ಲಗೆ ಇಡು.”

“ಅದೇನೋ ನಾಗರಹಾವಿನ ಥರ ಆಡ್ತೀಯ.”

“ಹಾವಾಗಿದ್ರೆ ಹರಿದುಹೋಗಿರೋದು. ಇಡು ಅಂದ್ನಲ್ಲ.”

ಇಟ್ಟ. ಗೋಡೆಗೆ ಸೋನಾ ಮಸೂರಿಯ ನಾಲ್ಕು ದೊಡ್ಡ ಮೂಟೆ ಒರಗಿದ್ದವು. ಪಿಸ್ತೂಲಿನ ಬಾಯಿ ಅವುಗಳ ಕಡೆಗೇ ಇರುವ ಹಾಗೆ ಹಿಡಿದುಕೊಂಡೆ.

“ಟ್ರಿಗರ್ ಒತ್ತಿದ್ಯಾ?”

“...ಎರಡು ಸಲ. ನಿಂಗೆ ಫೋನ್ ಮಾಡೋ ಮುಂಚೆ.”

“ಯಾವ ಕಡೆ ಹಿಡ್ಕೊಂಡು?”

ಅವನು ಬೆಂಚಿನ ಕಡೆ ಮುಖ ತಿರುಗಿಸಿದ.

ನಾನೂ ಅತ್ತ ನೋಡಿದೆ. ಒರೆಸುವ ಬಟ್ಟೆಯಿಲ್ಲ, ಎಣ್ಣೆ ಬಾಟಲಿಯಿಲ್ಲ. ಅವನ ಅಮ್ಮನ ಕನ್ನಡಕ ಒಂದೇ ಇತ್ತು, ಮಡಚಿಟ್ಟದ್ದು. ಕ್ಲೀನ್ ಮಾಡುವಾಗ ಆದ ಜಾಮ್ ಅಲ್ಲ ಇದು.

ಅಷ್ಟರಲ್ಲಿ ಮೂಗಿಗೆ ವಾಸನೆ ಬಂತು. ಕಾಯಿಸಿದ ತುಪ್ಪ... ಅದರ ಜೊತೆಗೇ ಕುಂಕುಮ. ಮನೆಯ ಒಳಗಿಂದ, ಕೆಳಗಿನ ಕೋಣೆಯ ಕಡೆಯಿಂದ ಸದ್ದು.

ಸರ್... ಸರ್... ಸರ್...

“ಒಳಗೆ ಯಾರಿದ್ದಾರೆ?”

“ಯಾರೂ ಇಲ್ಲ. ವೀಣಾ ಮಗಳನ್ನ ಕರ್ಕೊಂಡು ಸ್ಯಾನ್ ಮಟಿಯೋಗೆ ಹೋಗಿದ್ದಾಳೆ.” ನನ್ನ ಮುಖವನ್ನೇ ನೋಡುತ್ತಿದ್ದ. “ನಿಂಗೂ ಕೇಳಿಸ್ತಾ? ಒಂದು ವಾರದಿಂದ ಹೀಗೇ ಕಣೋ. ಆವತ್ತು ಕೇಳಿಸ್ಕೊಳ್ಳಲಿಲ್ಲವಲ್ಲ, ಈಗ ಕೇಳಿಸ್ಕೋ ಅಂತ ಅಮ್ಮ.”

ಮಾವನ ಮಾತು ನೆನೆದು ಒಂದೊಂದೇ ಮಾಡಿದೆ. ಮೊದಲು ಹಿಡಿಯೊಳಗಿನ ಗುಂಡಿನ ಮ್ಯಾಗಜೀನು ಹೊರಗೆಳೆದೆ. ಮೇಲೆ ಹಿಂದೆ-ಮುಂದೆ ಸರಿಯುವ ಸ್ಲೈಡು ಪೂರ್ತಿ ಮುಚ್ಚಿರಲಿಲ್ಲ, ತುಸು ಬಾಯಿ ಬಿಟ್ಟಿತ್ತು. ಅದು ಮುಚ್ಚದೆ ಟ್ರಿಗರ್ ಎಷ್ಟು ಒತ್ತಿದರೂ ಗುಂಡು ಹಾರುವುದಿಲ್ಲ. ಗುಂಡು ಹೊರಬೀಳುವ ಕಂಡಿಗೆ ಅಂಗೈ ಅಡ್ಡ ಬಾರದಂತೆ ಹಿಡಿದು, ಸ್ಲೈಡನ್ನು ಜೋರಾಗಿ ಹಿಂದಕ್ಕೆಳೆದೆ. ಬರಲಿಲ್ಲ. ಮತ್ತೊಮ್ಮೆ ಎಳೆದೆ...

ಟಿಣ್!

ಗುಂಡು ನೆಲಕ್ಕೆ ಬಿದ್ದು ಉರುಳಿತು. ಅದರ ಹಿಂದೆಯೇ ಇನ್ನೊಂದು ಬಿತ್ತು, ಸದ್ದಿಲ್ಲದೆ.

ಒಂದು ಅಕ್ಕಿ ಕಾಳು. ಕೆಂಪಗೆ. ಬಗ್ಗಿ ಎತ್ತಿಕೊಂಡರೆ ಹಸಿ... ಬೆರಳಿಗೆ ತುಪ್ಪ ಅಂಟಿತು.

ಸಾವಿನ ವರ್ಷ ಅಂತ ಆ ಮನೆಯಲ್ಲಿ ಹಬ್ಬವಿರಲಿಲ್ಲ, ಆಯುಧಪೂಜೆಯೂ ಆಗಿರಲಿಲ್ಲ. ಹಿಂದಿನ ವರ್ಷದ ಕಾಳು ಅನ್ನೋಣವೆಂದರೆ, ಬೇಸಿಗೆಯಲ್ಲಿ ಅದೇ ಪಿಸ್ತೂಲಿನಿಂದ ನಾವಿಬ್ಬರೂ ಒಂದು ಪೆಟ್ಟಿಗೆ ಗುಂಡು ಹಾರಿಸಿ, ಬಿಚ್ಚಿ, ಒರೆಸಿ ಇಟ್ಟಿದ್ದೆವು.

ಶ್ರೀಧರ ಕಾಳನ್ನು ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಪಿಸ್ತೂಲಿಗೆ ಕೈ ಚಾಚಿದ.

“ಸರಿಹೋಯ್ತಲ್ಲ. ಕೊಡು.”

ನನ್ನನ್ನು ಆ ರಾತ್ರಿ ಹೆದರಿಸಿದ್ದು ಮೊರದ ಸದ್ದಲ್ಲ. ಆ ಶಾಂತವಾದ ದನಿ.

ಕೊಡಲಿಲ್ಲ. ಕಾಳನ್ನು ಅಂಗಿ ಜೇಬಿಗೆ ಹಾಕಿಕೊಂಡೆ. ಖಾಲಿ ಪಿಸ್ತೂಲು, ಗುಂಡು ಎರಡನ್ನೂ ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಅವನೆದುರಿಗೇ ವೀಣಾಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ.

“ನಿನ್ನ ಕರೆದದ್ದು ಗನ್ ರಿಪೇರಿಗೆ ಕಣೋ,” ಅಂದ. “ನನ್ನ ರಿಪೇರಿಗಲ್ಲ.”

ವೀಣಾಳ ಕಾರು ಬರುವ ತನಕ ಇಬ್ಬರೂ ಅಲ್ಲೇ ಕೂತಿದ್ದೆವು. ಒಳಗೆ ಅಕ್ಕಿ ಕೇರುವ ಸದ್ದು ಬರುತ್ತಲೇ ಇತ್ತು. ಕಾರಿನ ಬೆಳಕು ಬಿದ್ದದ್ದೇ ನಿಂತಿತು.

ಮರುದಿನ ಪೊಲೀಸರನ್ನು ಕರೆದು ಪಿಸ್ತೂಲು ಒಪ್ಪಿಸಿದೆವು. ಶ್ರೀಧರ ಡಾಕ್ಟರ ಹತ್ತಿರ ಹೋಗತೊಡಗಿದ. ಆಫೀಸಿಗೂ ಹೋಗುತ್ತಾನೆ. ಇದ್ದಾನೆ. ನನ್ನ ಜೊತೆ ಮಾತು ಬಿಟ್ಟ. ಮೂವತ್ತು ವರ್ಷದ ಗೆಳೆತನ, ಗ್ರೋಸರಿಯಲ್ಲಿ ಎದುರಾದರೆ ಗಾಡಿ ತಿರುಗಿಸಿಕೊಂಡು ಹೋಗುತ್ತಾನೆ. ಒಮ್ಮೆ ವೀಣಾಳನ್ನೇ ಕೇಳಿದೆ, “ಅತ್ತೆಯ ಮೊರ ಎಲ್ಲಿಟ್ಟಿದ್ದೀರಮ್ಮ?” ಅಂತ. “ವೈಕುಂಠ ಸಮಾರಾಧನೆ ಆದ ಮೇಲೆ ಯಾರಿಗೋ ಕೊಟ್ಟುಬಿಟ್ವಿ ಅಣ್ಣಾ, ಯಾಕೆ?” ಅಂದಳು.

ಈ ಫೆಬ್ರವರಿಯಲ್ಲಿ, ಸಾವಿತ್ರಮ್ಮನವರ ವರ್ಷದ ತಿಥಿಯ ಸಂಜೆ, ಶ್ರೀಧರನ ಫೋನು ಬಂತು. ಹೇಗಿದ್ದೀಯ ಅಂತಲೂ ಕೇಳಲಿಲ್ಲ.

“ನಿಂಗೆ ಈಗಲೂ ಕೇಳಿಸುತ್ತಾ?”

“ಇಲ್ಲ.”

“ನಂಗೂ ನಿಂತುಹೋಯ್ತು. ಆವತ್ತಿಂದಲೇ. ಎರಡನೇ ಸಲ ಕಳ್ಕೊಂಡೆ ಕಣೋ ಅಮ್ಮನ್ನ. ಈ ಸಲ ನಿನ್ನಿಂದ.”

ಇಟ್ಟುಬಿಟ್ಟ.

ನಾನು ಅವನಿಗೆ ‘ಇಲ್ಲ’ ಅಂದದ್ದು ಸುಳ್ಳು. ಭಾನುವಾರ ಕತ್ತಲಾಗುತ್ತಲೇ ನಮ್ಮ ಗರಾಜಿನ ಬಾಗಿಲು ಇಳಿಸುತ್ತೇನೆ. ಹೆಂಡತಿ ಅಡುಗೆಮನೆಯ ನಲ್ಲಿ ತಿರುಗಿಸಿ ನೀರು ಬಿಟ್ಟುಕೊಂಡು ನಿಲ್ಲುತ್ತಾಳೆ, ಕೇಳಿಸದಿರಲಿ ಅಂತ. ಆದರೂ ಕೇಳಿಸುತ್ತದೆ ಮೊರದ ಸದ್ದು, ನಮ್ಮ ಗರಾಜಿನ ಅಕ್ಕಿ ಮೂಟೆಗಳ ಹಿಂದಿನಿಂದ...

ಅವನಿಗೆ ಹೇಳಬೇಕು. ಹೇಗೆ ಹೇಳಲಿ, ನಿಮ್ಮಮ್ಮ ನಮ್ಮ ಮನೆಯಲ್ಲಿದ್ದಾರೆ ಅಂತ?